ನಾಳೆಗೆ ಉಳಿಸಿದ ಮೀಸೆ

ಅವಳು ವಾರ್ಡಿನ ಬಾಗಿಲು ತಳ್ಳಿದಾಗ ಕತ್ತಿ ಅಪ್ಪನ ಕುತ್ತಿಗೆಯ ಮೇಲಿತ್ತು.

ಹಿಡಿದಿದ್ದವನು ಯಾರೋ ಅಪರಿಚಿತ. ಒಂದು ಕೈಯಲ್ಲಿ ಅಪ್ಪನ ಗದ್ದ ಎತ್ತಿ, ಇನ್ನೊಂದು ಕೈಯನ್ನು ನಿಧಾನವಾಗಿ ಮೇಲಕ್ಕೆ ತರುತ್ತಿದ್ದ.

"ಯಾರ್ರೀ ನೀವು? ಬಿಡಿ ಅವರನ್ನ."

"ಈಗ ಬಿಟ್ರೆ ಅರ್ಧ ಗಡ್ಡ ಉಳಿಯುತ್ತೆ," ಎಂದ ಅವನು, ತಿರುಗಿ ನೋಡದೆ. "ಸ್ವಲ್ಪ ಅಲ್ಲೇ ನಿಂತ್ಕೊಳ್ಳಿ. ಬೈಯೋದು ಆಮೇಲೆ."

ಪಕ್ಕದ ಮಂಚದಲ್ಲಿ ಯಾರೋ ನಕ್ಕರು. ಕಂಡಕ್ಟರ್ ತಾತ. "ಹೆದರಬೇಡ ಕಣಮ್ಮ. ಎದುರಿನ ಕಟಿಂಗ್ ಅಂಗಡಿಯವನು. ನಮ್ಮನ್ನೆಲ್ಲ ಮದುಮಕ್ಕಳ ಹಾಗೆ ತಯಾರು ಮಾಡಿ ಕಳಿಸ್ತಾನೆ."

ಅದು ಗುಣವಾಗದವರ ವಾರ್ಡು. ನೋವಿಗೆ ಮಾತ್ರ ಔಷಧಿ. ಅವಳ ಅಪ್ಪ ಜೀವನವಿಡೀ ಬಸ್ಸು ಓಡಿಸಿದವರು. ಪಕ್ಕದ ತಾತ ಬೇರೆ ಯಾವುದೋ ಡಿಪೋದಲ್ಲಿ ಟಿಕೆಟ್ ಹರಿದವರು. ಮಲಗಿದಲ್ಲೇ ಇಬ್ಬರಿಗೂ ದಿನಾ ಪೈಪೋಟಿ, ಯಾರು ಮೊದಲು ಇಳಿಯುವುದು ಎಂದು.

ಮುಖ ಒರೆಸಿ ಅವನು ಎದ್ದ. ಅಪ್ಪನ ಕೆನ್ನೆ ಎಷ್ಟೋ ದಿನದ ಮೇಲೆ ಹೊಳೆಯುತ್ತಿತ್ತು. ಮೀಸೆ ಮಾತ್ರ ಪೊದೆಯಂತೆ ಹಾಗೇ ಇತ್ತು.

"ಅದನ್ನ ಯಾಕೆ ಬಿಟ್ರಿ?"

"ಮೀಸೆ ನಾಳೆಗೆ. ನಾಳೆ ಬರ್ತೀನಿ ಯಜಮಾನ್ರೇ."

ಅಪ್ಪ ತಲೆಯಾಡಿಸಿದರು. ಅವನ ಕ್ರಮವೇ ಅದು. ಪ್ರತಿ ಮಂಚದಲ್ಲೂ ಏನಾದರೊಂದು ಬಾಕಿ ಉಳಿಸಿ ಹೋಗುತ್ತಿದ್ದ. ಒಬ್ಬರಿಗೆ ಮೀಸೆ, ಒಬ್ಬರಿಗೆ ಕಿವಿಯ ಕೂದಲು, ಒಬ್ಬರಿಗೆ ಉಗುರು. ಅಪ್ಪನಿಗೆ ಮಾತ್ರ ದಿನಾ ನಾಳೆಗೇ ಹೋಗುವ ಮೀಸೆಯ ಜೊತೆಗೆ ಇನ್ನೇನಾದರೊಂದು.

ಅವಳು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಶಿಫ್ಟಿಗೆ ಮುಂಚೆ ಬಂದು ಅಪ್ಪನ ಪಾದ ಒರೆಸಿ, ದಿನಾ ಒಂದೇ ಮಾತು ಹೇಳುತ್ತಿದ್ದಳು: "ಅಮ್ಮ ಅಲ್ಲಿ ಕಾಯ್ತಿದಾಳೆ ಅಪ್ಪ. ಭಯ ಬೇಡ." ಅಪ್ಪನಿಗೆ ಕೊಡಲು ಅವಳ ಬಳಿ ಉಳಿದಿದ್ದು ಆ ಮಾತೊಂದೇ. ಅದೂ ಸುಳ್ಳಾದರೆ... ಅವಳು ಅಲ್ಲಿಂದ ಮುಂದೆ ಯೋಚಿಸುತ್ತಿರಲಿಲ್ಲ.

ಒಮ್ಮೆ ಕಾರಿಡಾರಿನಲ್ಲಿ ಅವನು ಬ್ರಷ್ಷು ತೊಳೆಯುತ್ತಿದ್ದಾಗ ಕೇಳಿದಳು. "ನೀವು ದೇವರನ್ನ ನಂಬಲ್ವಂತೆ? ತಾತ ಹೇಳಿದ್ರು."

"ಇಲ್ಲ."

"ಸತ್ತ ಮೇಲೆ?"

"ಏನೂ ಇಲ್ಲ ಅನ್ಸುತ್ತೆ."

"ಮತ್ತೆ ಸಂಜೆಗೆ ಹೋಗೋರಿಗೆ ಬೆಳಿಗ್ಗೆ ಗಡ್ಡ ಯಾಕ್ರೀ?"

"ಸಂಜೆವರೆಗೂ ಇರ್ತಾರಲ್ಲ."

ಅವಳಿಗೆ ಸಿಟ್ಟು ಬಂತು. ಆದರೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಾಗಲೂ ಆ ದನಿ ಕಿವಿಯಲ್ಲೇ ಇತ್ತು. ಮರುದಿನ ಅವಳು ಒಂದು ಬಸ್ಸು ಮುಂಚೆಯೇ ಬಂದಳು. ಅದರ ಮರುದಿನವೂ. ಅವನು ನೀರಿನ ಬಿಸಿಯನ್ನು ತನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡುತ್ತಿದ್ದ ರೀತಿಯನ್ನು ಕದ್ದು ನೋಡುವುದು ಅವಳಿಗೆ ಅಭ್ಯಾಸವಾಯಿತು. ಕಂಡಕ್ಟರ್ ತಾತ ಕೆಮ್ಮಿ, "ಟಿಕೆಟ್ ತಗೊಳ್ಳಿ, ಟಿಕೆಟ್," ಎನ್ನುತ್ತಿದ್ದರು.

ಹಾಗೆ ಬಂದ ಒಂದು ಬೆಳಿಗ್ಗೆಯೇ ಅದು ಅವಳ ಕಿವಿಗೆ ಬಿತ್ತು.

ಪರದೆಯ ಆಚೆ ಅಪ್ಪನ ಕ್ಷೀಣ ದನಿ. "ನನ್ನವಳು... ಅಲ್ಲಿ ಇರ್ತಾಳೇನಪ್ಪಾ?"

"ಇಲ್ಲ ಅನ್ಸುತ್ತೆ ಯಜಮಾನ್ರೇ."

ಆಮೇಲೆ ಅಪ್ಪನ ಪಿಸುಮಾತು, ಅವಳಿಗೆ ಕೇಳಿಸಲಿಲ್ಲ. ಪರದೆ ಸರಿಸಿದಳು. ಅಪ್ಪನ ಭುಜಗಳು ಅಲುಗುತ್ತಿದ್ದವು. ಕೆನ್ನೆಯ ನೊರೆಯ ಮೇಲೆ ಕಣ್ಣೀರು ಗೆರೆ ಎಳೆದಿತ್ತು.

ಕಾರಿಡಾರಿಗೆ ಕರೆದು ಹೇಳಿದಳು. "ಸಾಯೋ ಮನುಷ್ಯನ ಹತ್ರ ಇದ್ದಿದ್ದು ಅದೊಂದೇ. ಅದನ್ನೂ ಕಿತ್ಕೊಂಡ್ರಲ್ಲ. ಇನ್ಮೇಲೆ ಈ ಕೋಣೆಗೆ ಕಾಲಿಡಬೇಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಪರದೆಯ ಕಡೆ ನೋಡಿದ. ಮುಚ್ಚಿಕೊಂಡ.

"ಮೀಸೆ ಬಾಕಿ ಇದೆ," ಎಂದಷ್ಟೇ ಹೇಳಿದ.

"ಇರಲಿ."

ಅವಳು ನರ್ಸಿಗೂ ಹೇಳಿಟ್ಟಳು. ಅವನು ಮತ್ತೆ ಬರಲಿಲ್ಲ. ಅದೇ ವಾರ ಕಂಡಕ್ಟರ್ ತಾತನನ್ನು ರಕ್ತ ಕೊಡಿಸಲು ಬೇರೆ ವಾರ್ಡಿಗೆ ಸಾಗಿಸಿದರು. ಅಪ್ಪನ ಮಾತು ನಿಂತಿತು.

ಮಾತು ನಿಂತ ಮೇಲೆ ಅಪ್ಪ ಒಂದೇ ಸನ್ನೆ ಮಾಡತೊಡಗಿದರು. ನಡುಗುವ ಬೆರಳನ್ನು ಮೂಗಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಎಳೆಯುವುದು. ಮತ್ತೆ ಮತ್ತೆ.

"ಆಕ್ಸಿಜನ್ ನಳಿಕೆ ಚುಚ್ತಾ ಇದೆಯಾ ಅಪ್ಪ?"

ನರ್ಸು ಮುಲಾಮು ಹಚ್ಚಿ, ಟ್ಯೂಬನ್ನು ಅವಳ ಕೈಗೆ ಕೊಟ್ಟಳು. ನಳಿಕೆ ಬದಲಾಯಿಸಿದಳು. ಅಪ್ಪ ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿದರು. ಸ್ವಲ್ಪ ಹೊತ್ತಿಗೆ ಬೆರಳು ಮತ್ತೆ ಮೇಲೆದ್ದಿತು.

ಕೊನೆಯ ಬೆಳಿಗ್ಗೆಯೂ ಅವಳು ಪಾದ ಒರೆಸಿ, "ಅಮ್ಮ ಕಾಯ್ತಿದಾಳೆ," ಎಂದಳು. ಅಪ್ಪ ಬಾಗಿಲನ್ನು ನೋಡುತ್ತಿದ್ದರು. ಬೆರಳು ಮೀಸೆಯ ನಡುವಿನವರೆಗೆ ಬಂದು, ಎದೆಯ ಮೇಲೆ ಜಾರಿತು.

ಗಾಲಿಕುರ್ಚಿಯಲ್ಲಿ ವಾಪಸ್ಸು ಬಂದ ತಾತ ಆ ಮುಖವನ್ನು ಬಹಳ ಹೊತ್ತು ನೋಡಿದರು.

"ಆ ಹುಡುಗ ಬರಲಿಲ್ವೇನಮ್ಮ? ಮೀಸೆ ಹಾಗೇ ಇದೆಯಲ್ಲ... 'ಮೀಸೆ ಆಗೋವರೆಗೂ ನಾನು ಇಳಿಯಲ್ಲ ಕಣಯ್ಯ' ಅಂದಿದ್ದ ಡ್ರೈವರು."

ಮುಲಾಮಿನ ಟ್ಯೂಬು ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ನೋಡಿದಳು. ಆಮೇಲೆ ರಸ್ತೆ ದಾಟಿ ಓಡಿದಳು.

ಅಂಗಡಿಯಲ್ಲಿ ಒಬ್ಬರು ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಬಾಗಿಲಲ್ಲಿ ನಿಂತವಳ ಬಾಯಿಂದ ಬಂದದ್ದು ಎರಡೇ ಮಾತು. "ಅಪ್ಪ... ಮೀಸೆ."

ಅವನು ಕತ್ತರಿ ಎತ್ತಿಕೊಂಡ. ನೊರೆಯ ಮುಖ ಹಿಂದಿನಿಂದ ಕೂಗುತ್ತಲೇ ಇತ್ತು.

ಹೆಣ ಇಡುವ ಹಿಂಬದಿಯ ಕೋಣೆಯಲ್ಲಿ ಅವನು ಮಗ್ಗಿಗೆ ಬಿಸಿನೀರು ಸುರಿದು, ಮಣಿಕಟ್ಟಿನ ಮೇಲೆ ಹಾಕಿ ನೋಡಿದ. ಬಟ್ಟೆ ಅದ್ದಿ ಅಪ್ಪನ ತುಟಿಯ ಮೇಲೆ ಇಟ್ಟ.

"ಅವರಿಗೆ ಗೊತ್ತಾಗುತ್ತಾ?" ಎಂದು ಕೇಳಿದಳು. ಒಂದು 'ಹೌದು' ಸಾಕಾಗಿತ್ತು ಅವಳಿಗೆ. ಆ ಒಂದು ಮಾತಿನಲ್ಲೇ ಬದುಕಿಬಿಡುತ್ತಿದ್ದಳು.

"ಗೊತ್ತಾಗಲ್ಲ."

"ಮತ್ತೆ ಬಿಸಿನೀರು ಯಾಕೆ?"

ಕತ್ತರಿ ನಿಂತಿತು. "ನಾಳೆ ಬರ್ತೀನಿ ಅಂದಿದ್ದೆ ಅವರಿಗೆ. ತಣ್ಣೀರಲ್ಲಿ ಮಾಡ್ತೀನಿ ಅಂದಿರ್ಲಿಲ್ಲ."

ಅವಳು ಗೋಡೆಗೆ ಒರಗಿದಳು. "ಅವತ್ತು ಅವರನ್ನ ಅಳಿಸಿದ್ರಿ ನೀವು."

"ಅವರು ಅತ್ತಿದ್ದು ಅದಕ್ಕಲ್ಲ. 'ನಂಗೂ ಹಾಗೇ ಅನ್ಸುತ್ತೆ, ಹೇಳ್ಕೊಳ್ಳೋಕೆ ಯಾರೂ ಇರ್ಲಿಲ್ಲ' ಅಂದ್ರು. 'ಮಗಳಿಗೆ ಹೇಳ್ಬೇಡ, ಪಾಪ, ನನ್ನನ್ನ ಅವಳಮ್ಮನ ಹತ್ರ ಕಳಿಸ್ತಿದೀನಿ ಅನ್ಕೊಂಡಿದಾಳೆ' ಅಂದ್ರು."

"ಈಗ ಯಾಕೆ ಹೇಳಿದ್ರಿ?"

"ಈಗ ಮುಚ್ಚಿಟ್ರೂ ಅವರಿಗೆ ಉಪಯೋಗ ಇಲ್ಲ. ನೀವು ಮಾತ್ರ, ಅಪ್ಪ ಭಯದಲ್ಲಿ ಹೋದ್ರು ಅಂತ ಕೊರಗ್ತೀರಿ."

ಮೀಸೆ ಮುಗಿಯಿತು. ಅಪ್ಪ ಮತ್ತೆ ಡ್ರೈವರ್ ಆಗಿದ್ದರು, ಸ್ಟಿಯರಿಂಗ್ ಹಿಡಿದಾಗಿನ ಅದೇ ಗತ್ತು. ನೋಡುವುದಕ್ಕೆ ಅವರಿರಲಿಲ್ಲ.

ಅವಳು ಮುಲಾಮಿನ ಟ್ಯೂಬನ್ನು ಅಲ್ಲೇ ಇಟ್ಟು ಹೋದಳು.

ಆಮೇಲಿನ ದಿನಗಳು ಕೆಟ್ಟವು. ಆಕಾಶ ನೋಡಿ ಅಪ್ಪ ಎಂದರೆ ಬರೀ ಆಕಾಶವೇ ಕಾಣುತ್ತಿತ್ತು. ಕಾಲರ್ ಹೊಲಿಯುತ್ತ ಯೋಚಿಸುತ್ತಿದ್ದಳು, ಇದನ್ನು ಹಾಕಿಕೊಳ್ಳುವ ಕುತ್ತಿಗೆಗಳೆಲ್ಲ ಒಂದು ದಿನ ಮಣ್ಣು... ಮತ್ತೆ ಹೊಲಿಗೆ ನೇರವಾಗಿದ್ದರೇನು, ಸೊಟ್ಟಗಿದ್ದರೇನು? ಸೂಪರ್‌ವೈಸರ್ ಬೈದಳು. ಅದೂ ದೂರದಲ್ಲೆಲ್ಲೋ ಕೇಳಿಸಿತು.

ಒಂದು ಬೆಳಿಗ್ಗೆ ಬಸ್ಸು ಆಸ್ಪತ್ರೆಯ ಮುಂದೆ ನಿಂತಾಗ ಕಾಲುಗಳು ತಾವಾಗಿಯೇ ಇಳಿದವು.

ಕಂಡಕ್ಟರ್ ತಾತನ ಮಾತೂ ನಿಂತಿತ್ತು. ಅವಳನ್ನು ಕಂಡು ಬೆರಳು ಎತ್ತಿ ಗಾಳಿಯಲ್ಲಿ ಏನೋ ಗೀಚಿದರು. ಈ ಸಲ ಊಹಿಸಲಿಲ್ಲ. ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದಳು.

"ನೀರಾ ತಾತ? ದಿಂಬಾ? ಬೆನ್ನು ನೋವಾ? ನರ್ಸನ್ನ ಕರೀಲಾ?"

ಯಾವುದಕ್ಕೂ ತಲೆ ಅಲ್ಲಾಡಲಿಲ್ಲ. ಅವಳು ಬಿಡಲಿಲ್ಲ. ಕೊನೆಗೆ, "ಕಿಟಕಿನಾ?" ಎಂದಾಗ ಕಣ್ಣು ಮುಚ್ಚಿ ತೆರೆದರು.

ಕಿಟಕಿ ತೆರೆದಳು. ರಸ್ತೆಯ ಸದ್ದು ಒಳಗೆ ಬಂತು. ಬಸ್ಸಿನ ಹಾರನ್ನು, ಬ್ರೇಕು. ತಾತನ ಹುಬ್ಬು ಸಡಿಲವಾಯಿತು.

ಬಾಗಿಲಲ್ಲಿ ಅವನು ನಿಂತು ನೋಡುತ್ತಿದ್ದ, ಮಗ್ಗು ಕೈಯಲ್ಲಿ.

ಮಧ್ಯಾಹ್ನ ತಾತ ಇಳಿದರು. ಮಂಚದ ಚಾದರವನ್ನು ಇಬ್ಬರೂ ಎರಡು ತುದಿ ಹಿಡಿದು ಮಡಿಸಿದರು.

"ನಾವು ಮಾಡಿದ್ದನ್ನ ಮೇಲೆ ಯಾರೂ ನೋಡ್ಲಿಲ್ಲ, ಅಲ್ವಾ?" ಎಂದಳು.

"ಇಲ್ಲ."

"ತಾತನಿಗೂ ಈಗ ನೆನಪಿಲ್ಲ."

"ಇಲ್ಲ."

"ಆದ್ರೂ ಅವರಿಗೆ ಬಸ್ಸಿನ ಸದ್ದು ಕೇಳ್ತು."

"ಕೇಳ್ತು," ಎಂದ. ಚಾದರದ ಕೊನೆಯ ಮಡಿಕೆಯಲ್ಲಿ ಅವರ ಕೈಗಳು ಸೇರಿದವು. ಅವನು ಬಿಡಲಿಲ್ಲ. "ನಿಮ್ಮಪ್ಪನಿಗೆ ಮಾತ್ರ ಎರಡು ಬಾಕಿ ಉಳಿಸ್ತಿದ್ದೆ. ನೀವು ಬರೋ ಹೊತ್ತಿಗೆ ನಾನೂ ಇರ್ಬೇಕು ಅಂತ."

ಅವಳ ಕಣ್ಣು ತುಂಬಿತು. "ಎಲ್ಲರೂ ಏಳೇಳು ಜನ್ಮ ಅಂತಾರಪ್ಪ ಇಂಥ ಹೊತ್ತಲ್ಲಿ."

"ನನ್ನ ಹತ್ರ ಇರೋದು ಇದೊಂದೇ. ಅದ್ರಲ್ಲೂ ಅರ್ಧ ಆಗೋಯ್ತು."

"ನಮ್ಮಲ್ಲಿ ಒಬ್ಬರು ಮೊದಲು ಇಳೀತೀವಿ."

"ಹ್ಞೂಂ."

"ಆಮೇಲೆ ಎಲ್ಲೂ ಸಿಗಲ್ಲ."

ಅವನು ಸುಳ್ಳು ಹೇಳಲಿಲ್ಲ. ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ, ಅಷ್ಟೇ. ಅವನ ಬೆರಳುಗಳಿಂದ ಸೋಪಿನ ವಾಸನೆ ಬರುತ್ತಿತ್ತು.

"ಹಾಗಾದ್ರೆ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ, "ನಾಳೆ ಬೇಗ ಬನ್ನಿ."

"ಬರ್ತೀನಿ. ನೀರು ಕಾಯಿಸಿ ಇಟ್ಟಿರಿ."