ಹದಿನೇಳನೆಯ ಪುಟದ ಕೆಂಪು ಸಾಲು

ಮಂಜುನಾಥಪ್ಪ ಮೇಷ್ಟ್ರ ತಲೆ ಮೇಜಿನ ಮೇಲೆ ಒರಗಿತ್ತು. ಬಲಗೈಯಲ್ಲಿ ಕೆಂಪು ಪೆನ್ನು. ಬೆಳಿಗ್ಗೆ ಕಸ ಗುಡಿಸಲು ಬಂದ ದುಗ್ಗಮ್ಮ ಎರಡು ಸಲ ಕೂಗಿದಳು. ಮೂರನೆಯ ಸಲ ಹತ್ತಿರ ಹೋದಳು. ಕಾಗದದ ಮೇಲಿನ ಕೆಂಪೆಲ್ಲ ಶಾಯಿಯಲ್ಲ ಎಂದು ಆಗ ಗೊತ್ತಾಯಿತು.

ಹೊಸನಗರ ಠಾಣೆಯ ಪಿಎಸ್‌ಐ ತನುಜಾ ಒಂಬತ್ತಕ್ಕೆ ಬಂದರು. ಎಡಗಿವಿಯ ಮೇಲೆ ಒಂದೇ ಏಟು. ಮೇಷ್ಟ್ರದೇ ರೂಲುದೊಣ್ಣೆ ಕೆಳಗೆ ಬಿದ್ದಿತ್ತು, ಹಿಡಿ ಒರೆಸಲಾಗಿತ್ತು. ಸಾವು ಹಿಂದಿನ ದಿನ ಸಂಜೆ ನಾಲ್ಕರಿಂದ ಆರರ ನಡುವೆ ಎಂದರು ವೈದ್ಯರು.

ಮೇಷ್ಟ್ರ ಮೇಲೆ ಸಿಟ್ಟಿದ್ದವರು ಊರ ತುಂಬ ಇದ್ದರು. ನಿವೃತ್ತರಾದರೂ ಅವರು ಇಂಗ್ಲಿಷ್ ತಿದ್ದುವುದನ್ನು ಬಿಟ್ಟಿರಲಿಲ್ಲ. ಸಡಿಲ ಎನ್ನುವ ‘ಲೂಸ್’ಗೂ ಕಳೆದುಕೊಳ್ಳು ಎನ್ನುವ ‘ಲೂಝ್’ಗೂ ವ್ಯತ್ಯಾಸ ಗೊತ್ತಿಲ್ಲದವರನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಕೇಳುತ್ತಿದ್ದರು. ಮೂರು ದಿನದ ಹಿಂದೆ ಯೋಗರಾಜನ ಹೊಸ ಅಂಗಡಿಯ ಬೋರ್ಡಿನಲ್ಲಿ ‘ಸ್ಟೇಷನರಿ’ಯ ಇಂಗ್ಲಿಷ್ ಸ್ಪೆಲ್ಲಿಂಗಿನ ಒಂದಕ್ಷರವನ್ನು ಕೆಂಪು ಬಣ್ಣದಲ್ಲಿ ತಿದ್ದಿದ್ದರು. ಜನರ ಎದುರೇ ಯೋಗರಾಜ, “ಇನ್ನೊಂದ್ಸಲ ಬಂದ್ರೆ ಕೈ ಮುರೀತೀನಿ ಮೇಷ್ಟ್ರೇ” ಎಂದಿದ್ದ. ನಿನ್ನೆ ನಾಲ್ಕೂವರೆಗೆ ಅವನು ಮೇಷ್ಟ್ರ ಮನೆಯಿಂದ ಹೊರಟದ್ದನ್ನು ಇಬ್ಬರು ನೋಡಿದ್ದರು.

ಹನ್ನೊಂದಕ್ಕೆ ಅವನ ಬಂಧನವಾಯಿತು. ಮರುದಿನ ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ಜೈಲು.

* * *

ಯೋಗರಾಜನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಹೊಸ ಬೋರ್ಡಿಗೆ ಬರೆಸಬೇಕಾದ ಇಂಗ್ಲಿಷ್ ಸಾಲುಗಳು. ಅದನ್ನೇ ತೋರಿಸಲು ಹೋಗಿದ್ದೆ ಎಂದ.

“ಕೈ ಮುರಿಯೋಕೆ ಹೋದವನು ಚೀಟಿ ಹಿಡ್ಕೊಂಡು ಹೋದ್ಯಾ?” ಎಂದ ಪೇದೆ ಧರ್ಮಪ್ಪ.

“ಬೈದೆ, ನಿಜ. ಆದ್ರೆ ಅವ್ರು ಹೇಳಿದ್ದು ಸರಿ ಇತ್ತಲ್ಲ ಸಾರ್. ಬಾಗ್ಲು ಮುಚ್ಚಿತ್ತು. ಒಳಗೆ ಯಾರೋ ಇಂಗ್ಲಿಷ್ ಓದ್ತಿದ್ರು. ಪಾಠ ನಡೀತಿದೆ ಅಂತ ವಾಪಸ್ ಬಂದೆ.”

ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಧರ್ಮಪ್ಪ ನಕ್ಕ. ತನುಜಾ ನಗಲಿಲ್ಲ. ಅವರ ತಂದೆ ತೀರ್ಥಹಳ್ಳಿಯ ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುತ್ತಿದ್ದರು. ರಜೆಯಲ್ಲಿ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುವುದು ಮಗಳ ಕೆಲಸ. ಒಬ್ಬರು ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆ ನೋಡಿ ತಿದ್ದಬೇಕು.

ಮೇಷ್ಟ್ರ ಮೇಜಿನ ಮೇಲಿದ್ದದ್ದೂ ಪ್ರೂಫೇ. ಮಕ್ಕಳು ಗೊಂದಲ ಮಾಡಿಕೊಳ್ಳುವ ಇಂಗ್ಲಿಷ್ ಪದಗಳ ಪುಸ್ತಕ. ಬರೆದವರು ಸಾಗರದಲ್ಲಿ ಟ್ಯೂಷನ್ ಕೇಂದ್ರ ನಡೆಸುವ ಶ್ರೀಶ. ತನುಜಾ ಹದಿನೇಳನೆಯ ಪುಟವನ್ನು ಮತ್ತೆ ಮತ್ತೆ ನೋಡಿದರು. ಜೀಪು ತೆಗೆಯಲು ಹೇಳಿದರು.

* * *

ಶ್ರೀಶ ಮೇಷ್ಟ್ರ ಹಳೆಯ ವಿದ್ಯಾರ್ಥಿ. ಸುದ್ದಿ ಕೇಳಿ ಊಟ ಸೇರಲಿಲ್ಲ ಎಂದ. ನಿನ್ನೆ ಮಧ್ಯಾಹ್ನ ಎರಡಕ್ಕೆ ಪ್ರೂಫನ್ನು ಜಗಲಿಯಲ್ಲಿಟ್ಟು ಹಾಗೆಯೇ ಹಿಂದಿರುಗಿದೆ ಎಂದ.

“ಹಸ್ತಪ್ರತಿ?”

“ಇಲ್ಲೇ ಇದೆ ಮೇಡಂ. ಸಾಗರ ಬಿಟ್ಟು ಹೋಗೇ ಇಲ್ಲ.” ಬೀರುವಿನಿಂದ ತೆಗೆದುಕೊಟ್ಟ.

“ಮೇಷ್ಟ್ರು ಇದನ್ನ ಮೊದಲು ನೋಡಿದ್ರಾ?”

“ಇಲ್ಲ. ಪ್ರೂಫೇ ಮೊದಲು ನೋಡಿದ್ದು.”

ತನುಜಾ ತಾವು ತಂದಿದ್ದ ಪ್ರೂಫಿನ ಹದಿನೇಳನೆಯ ಪುಟವನ್ನೂ ಹಸ್ತಪ್ರತಿಯ ಅದೇ ಭಾಗವನ್ನೂ ಅಕ್ಕಪಕ್ಕ ಇಟ್ಟರು. ಹಸ್ತಪ್ರತಿಯ ಒಂದು ಸಾಲು ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ಹುಂಚದ ಬಸ್ಸು ಹೂವಪ್ಪನ ಗದ್ದೆಯೆದುರು ಕದಲದೆ ನಿಂತಿತ್ತು ಎಂಬ ಇಂಗ್ಲಿಷ್ ಉದಾಹರಣೆ. ಮೇಷ್ಟ್ರು ಅದನ್ನು ಅಂಚಿನಲ್ಲಿ ಕೆಂಪಿನಲ್ಲಿ ಸೇರಿಸಿದ್ದರು.

“ತಪ್ಪು ತಿದ್ದೋಕೆ ಮೇಷ್ಟ್ರಿಗೆ ಯಾರೂ ಬೇಡ. ಆದ್ರೆ ಅಚ್ಚಾಗದೇ ಇರೋ ಬಸ್ಸು, ಹೂವಪ್ಪನ ಗದ್ದೆ ಅವರಿಗೆ ಹೇಗೆ ಗೊತ್ತಾಯ್ತು ಶ್ರೀಶ? ಯಾರೋ ಎದುರು ಕೂತು ಹಸ್ತಪ್ರತಿ ಓದಿದ್ದಾರೆ. ಯೋಗರಾಜ ಬಾಗ್ಲಲ್ಲಿ ಕೇಳಿದ್ದು ಅದನ್ನೇ.”



ಆ ಸಾಲಿನ ಕೆಳಗಿನ ಗುರುತು ಅರ್ಧಕ್ಕೇ ನಿಂತು, ಗೆರೆ ಪುಟದ ಅಂಚಿನವರೆಗೆ ಎಳೆದುಹೋಗಿತ್ತು. ತಿದ್ದುತ್ತಿದ್ದಾಗಲೇ ಏಟು ಬಿದ್ದಿದೆ. ಓದುತ್ತಿದ್ದವನೇ ಹೊಡೆದಿದ್ದಾನೆ. ಅಲ್ಲಿರಲಿಲ್ಲ ಎಂದು ತೋರಿಸಲು ಹಸ್ತಪ್ರತಿಯನ್ನು ಹೊತ್ತು ತಂದ; ಪ್ರೂಫನ್ನು ಬಿಟ್ಟುಬಂದ. ಅದನ್ನೂ ತಂದಿದ್ದರೆ ಜಗಲಿಯಲ್ಲಿಟ್ಟು ಬಂದೆ ಎಂಬ ಮಾತು ನಿಲ್ಲುತ್ತಿರಲಿಲ್ಲ.

ಶ್ರೀಶ ಒಪ್ಪಿಕೊಂಡ. ಮುನ್ನುಡಿಗೆ ಮೇಷ್ಟ್ರ ಸಹಿ ಬಿದ್ದರೆ ಮಾತ್ರ ಶಾಲೆಗಳು ಪುಸ್ತಕ ಕೊಳ್ಳುವುದಾಗಿ ಹೇಳಿದ್ದವಂತೆ.

“ಒಂದೇ ಪದವನ್ನ ನಾಲ್ಕು ಸಲ ಓದಿಸಿದ್ರು. ಹತ್ತನೇ ಕ್ಲಾಸಲ್ಲಿ ಓದಿಸ್ತಿದ್ದ ಹಾಗೆ. ಕೊನೆಗೆ, ಇದನ್ನ ಓದಿದ್ರೆ ಮಕ್ಕಳು ಹಾಳಾಗ್ತಾರೆ, ಸಹಿ ಹಾಕಲ್ಲ ಅಂದ್ರು. ಹಾಕಲ್ಲ ಅಂತ ಹೇಳಿದ್ಮೇಲೂ ತಿದ್ದೋದು ನಿಲ್ಲಿಸ್ಲಿಲ್ಲ ಮೇಡಂ. ತಲೆ ಎತ್ತಿ ನನ್ನ ನೋಡಲೂ ಇಲ್ಲ.”

* * *

ಆ ಸಂಜೆ ಯೋಗರಾಜನ ಬಿಡುಗಡೆಯಾಯಿತು. ಧರ್ಮಪ್ಪ ಅವನ ವಾಚು, ಫೋನು, ಚೀಟಿ ಮರಳಿಸಿ ಸಹಿ ಪಡೆದ. ಯೋಗರಾಜ ಬಾಗಿಲವರೆಗೆ ಹೋಗಿ ನಿಂತ. ಚೀಟಿಯನ್ನು ಬಿಚ್ಚಿ ತನುಜಾ ಕಡೆ ನೋಡಿದ.

“ಮೇಡಂ, ಇದನ್ನ ಇನ್ನು ಯಾರಿಗೆ ತೋರಿಸ್ಲಿ?”