ದಳವಾಯಿ ಒಲ್ಲೆನೆಂದ ರಾಜಕುಮಾರಿ

"ಗದ್ದ ಇಲ್ಲಿಡಿ. ಹಣೆ ಪಟ್ಟಿಗೆ ತಾಗಿರಲಿ. ಅಲುಗಾಡಬೇಡಿ."

ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಬಂದವರ ಮುಖವನ್ನೂ ಸರಿಯಾಗಿ ನೋಡದೆ ದಿನವಿಡೀ ಹೇಳುವ ಮಾತನ್ನೇ ಹೇಳಿ, ಚಿನ್ನಿ ಕಣ್ಣು ಪರೀಕ್ಷೆಯ ಯಂತ್ರದೊಳಗೆ ಇಣುಕಿದಳು. ಎಡಗಣ್ಣು ಕಂಡಿತು. ಅದರ ಮೇಲಿನ ಹುಬ್ಬನ್ನು ಸೀಳಿದ ಹಳೆಯ ಗಾಯದ ಗೆರೆಯೂ ಕಂಡಿತು.



ಅಣ್ಣನ ಕೋಣೆಯ ಕಿಟಕಿ ಬಾಗಿಲು ಬಡಿದು ಆದ ಗಾಯವದು. ಹತ್ತಿ ಒತ್ತಿ ಹಿಡಿದವಳು ಅವಳೇ.

'ದೇವರೇ... ಇವನಾ?'

"ದಳವಾಯಿ?"

"ಚಿನ್ನಿ! ನೀನಾ? ನಾನು ಈ ಊರಿಗೆ ವರ್ಗವಾಗಿ ಬಂದು..."

"ಅಲುಗಾಡಬೇಡಿ ಅಂದೆ."

ಧ್ವನಿಯೇನೋ ಗಟ್ಟಿಯಾಗಿತ್ತು. ಒತ್ತಿದ್ದು ಮಾತ್ರ ಯಂತ್ರದ ತಪ್ಪು ಗುಂಡಿ.

ಇವತ್ತೇ ಬರಬೇಕಿತ್ತೇ ಇವನು? ಬಂದಿರುವ ಸಂಬಂಧಕ್ಕೆ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳು ಎಂದು ಅತ್ತಿಗೆ ಬೆಳಿಗ್ಗೆಯೇ ಪಟ್ಟು ಹಿಡಿದಿದ್ದಳು. ಹುಡುಗ ಒಳ್ಳೆಯವನಂತೆ. ಸಾಕು, ಹೂಂ ಎಂದುಬಿಡೋಣ ಎಂದುಕೊಂಡೇ ಚಿನ್ನಿ ಮನೆಯಿಂದ ಹೊರಟಿದ್ದಳು.

ದಳವಾಯಿ ಅಣ್ಣನ ಗೆಳೆಯ. ಆ ಹೆಸರನ್ನು ಇಟ್ಟದ್ದು ಆಟ.

ಕಾಲೇಜಿನ ದಿನಗಳು... ಮನೆಗೊಂದೇ ಕಂಪ್ಯೂಟರು. ಅದರಲ್ಲಿ ರಾಜರ ಕಾಲದ ಯುದ್ಧದಾಟ. ತಾನೇ ಒಂದಿಷ್ಟು ನಿಯಮ ಮಾಡಿಟ್ಟ ಅಣ್ಣನಿಗೆ ಬೇಗ ಬೇಸರ ಬಂತು, ಆಟ ಇವರಿಬ್ಬರ ಪಾಲಾಯಿತು. ಅವಳದೊಂದು ರಾಜ್ಯ, ಅವನದೊಂದು. ಒಬ್ಬರು ಆಡುವಾಗ ಇನ್ನೊಬ್ಬರು ಕದ್ದು ನೋಡದಂತೆ ಗೋಡೆಗೆ ಮುಖ ಮಾಡಿ ಕೂರಬೇಕು. ಹಾಗೆ ಗೋಡೆ ನೋಡುತ್ತಲೇ ಎಷ್ಟು ಹರಟೆ ಹೊಡೆದಿದ್ದರೋ!

ಪರದೆಯ ಮೇಲೆ ವಂಶವೃಕ್ಷ. ಕೊಂಬೆಕೊಂಬೆಗೂ ರಾಜ, ಮಗ, ಅಳಿಯ, ಸೇನಾಧಿಪತಿಗಳ ಪುಟ್ಟ ಪುಟ್ಟ ಮುಖಗಳು. ಅವನು ಒಬ್ಬೊಬ್ಬ ಸೇನಾಧಿಪತಿಯನ್ನೂ ಸ್ವಂತ ಸೋದರಮಾವನಂತೆ ನೋಡಿಕೊಳ್ಳುತ್ತಿದ್ದ. "ಪಾಪ, ಇವರನ್ನ ಗಡಿಯಲ್ಲೇ ಬಿಟ್ರೆ ನಿಷ್ಠೆ ಇಳಿದುಹೋಗುತ್ತೆ. ರಾಜಧಾನಿಗೆ ಕರೆಸಿ ಮರ್ಯಾದೆ ಮಾಡ್ಬೇಕು" ಎನ್ನುತ್ತಿದ್ದ.

ಒಮ್ಮೆ ಚಿನ್ನಿಯ ಮುದಿ ಸೇನಾಧಿಪತಿ ತೀರಿಕೊಂಡಾಗ ಅವಳು ಗೊಳೋ ಎಂದು ಅತ್ತಿದ್ದಳು. ಅಮ್ಮ ಸೌಟು ಹಿಡಿದೇ ಓಡಿ ಬಂದಿದ್ದಳು.

"ಯಾರೇ ಹೋದ್ರು?!"

"ನಮ್ಮ ಉತ್ತರದ ಸೇನಾಧಿಪತಿ, ಅಮ್ಮಾ..."

"ನಿನ್ನ ತಲೆ! ಇಲ್ಲದವನಿಗೆ ಅಳೋ ಬದ್ಲು ಈರುಳ್ಳಿ ಹೆಚ್ಚು ಬಾ. ಅಲ್ಲೇ ಅಳುವಿಯಂತೆ!"

ಅವನು ಗೋಡೆ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗುವಿಗೇ ಅವಳು ಮನಸೋತದ್ದು.

ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ. ತನ್ನ ರಾಜಕುಮಾರಿಗೆ 'ಚಿನ್ನಿ' ಎಂದು ಹೆಸರಿಟ್ಟಳು. ಅವನ ಪಾಳೆಯದಲ್ಲಿ ಅವನೇ ಆಗಿದ್ದ 'ದಳವಾಯಿ'ಗೆ ಮದುವೆಯ ಪ್ರಸ್ತಾಪ ಕಳಿಸಿದಳು. ಆಮೇಲೆ ಗೋಡೆಗೆ ಮುಖ ಮಾಡಿ, ಉಸಿರು ಬಿಗಿಹಿಡಿದು ಕೂತಳು.

ಅವನು ತಿರಸ್ಕರಿಸಿದ!

ಮಾರನೇ ದಿನದಿಂದ ಪರೀಕ್ಷೆಯ ನೆಪ ಹೇಳಿ ಅವಳು ಕೋಣೆಯಿಂದ ಹೊರಬರಲಿಲ್ಲ. ಕೆಲವು ತಿಂಗಳಲ್ಲಿ ಅವನ ಮನೆಯವರು ಊರು ಬಿಟ್ಟರು. ಅಲ್ಲಿಗೆ ಎಲ್ಲ ಮುಗಿದಿತ್ತು.

ಈಗ ಅವನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ ಗಾಜು ಬದಲಿಸುತ್ತಿದ್ದ ಚಿನ್ನಿ ತಡೆಯದೆ ಕೇಳಿಯೇಬಿಟ್ಟಳು.

"ಆವತ್ತು ಯಾಕೆ ಬೇಡ ಅಂದೆ?"

"ಯಾವತ್ತು?"

"ನನ್ನ ರಾಜಕುಮಾರಿನ."

ಅವನು ಚೌಕಟ್ಟಿನೊಳಗಿಂದಲೇ ಅವಳ ಮುಖ ನೋಡಿದ.

"ಮದುವೆ ಆದ್ರೆ ಎರಡೂ ವಂಶ ಒಂದು, ಅಲ್ಲಿಗೆ ಆಟ ಮುಗೀತು ಅಂತ ನಿಮ್ಮಣ್ಣನೇ ನಿಯಮ ಮಾಡಿದ್ನಲ್ಲ? ಆಟ ಮುಗಿದ್ರೆ ನಾನು ಯಾವ ನೆಪ ಹೇಳ್ಕೊಂಡು ನಿಮ್ಮನೆಗೆ ಬರ್ಲಿ?"

ಚಿನ್ನಿಯ ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಜಾರಿಬಿತ್ತು.

"ಅಂದ್ರೆ... ನೀನು ಬರ್ತಿದ್ದಿದ್ದು..."

"ನಿನ್ನ ನೋಡೋಕೆ ಕಣೇ! ನೀನು ಹೊರಗೆ ಬರೋದೇ ಬಿಟ್ಟಾಗ, ಬರೀ ಆಟದ ಕೋಪ ಇರ್ಬೇಕು ಅಂದ್ಕೊಂಡೆ. ರಾಜಕುಮಾರಿಗೆ ನಿನ್ನ ಹೆಸರೇ ಇದ್ದದ್ದು ನೋಡಿಯೂ ಹೊಳೀಲಿಲ್ಲ... ಎಂಥ ದಡ್ಡ ನಾನು!"

ಇಷ್ಟು ವರ್ಷ ತಾನು ಯಾರಿಗೂ ಬೇಡವಾದವಳು ಎಂದು ಕೊರಗಿದ್ದಳಲ್ಲ... ಚಿನ್ನಿಯ ಕಣ್ಣು ತುಂಬಿ ಬಂತು. ಈ ಸಲ ತಿರುಗಿ ಕೂರಲಿಲ್ಲ, ಅವನೆದುರೇ ಅತ್ತಳು.

"ಮನೇಲಿ... ಯಾರ್ ಯಾರಿದ್ದಾರೆ?"

"ಅಮ್ಮ ಇದ್ದಾಳೆ. ಮದುವೆ ಯಾವಾಗ ಅಂತ ದಿನಾ ಬೈತಾಳೆ."

ಚಿನ್ನಿ ಕಣ್ಣೊರೆಸಿಕೊಂಡು ಫೋನು ತೆಗೆದಳು.

"ಅತ್ತಿಗೆ, ಉಹೂಂ."

"ಯಾಕೇ? ಏನಾಯ್ತೇ ನಿಂಗೆ?"

"ಬಂದು ಹೇಳ್ತೀನಿ. ಜೊತೇಲಿ ಒಬ್ರನ್ನ ಕರ್ಕೊಂಡು ಬರ್ತೀನಿ."

ದಳವಾಯಿ ಗಾಬರಿಯಿಂದ ಎದ್ದು ನಿಂತ. ಚೌಕಟ್ಟು ಮೂಗಿನ ತುದಿಗೆ ಜಾರಿತ್ತು.

"ಇವತ್ತೇನಾ? ಯಾಕೆ ಬಂದೆ ಅಂತ ನಿಮ್ಮಣ್ಣ ಕೇಳಿದ್ರೆ ಏನು ಹೇಳ್ಲಿ?"

ಚಿನ್ನಿ ಆ ಚೌಕಟ್ಟನ್ನು ಮೆಲ್ಲಗೆ ತೆಗೆದಳು.

"ಇನ್ನು ಯಾವ ನೆಪಾನೂ ಬೇಡ ಕಣೋ. ನನ್ನನ್ನ ಕೇಳೋಕೆ ಬಂದೆ ಅಂತ ಹೇಳು."