ಸೋನೆಗಿರಿ ಸೋತ ಮರುದಿನ

ಆರನೆಯ ಕವಡೆಯೂ ಬೋರಲಾಗಿ ಬಿತ್ತು.

ಉಳವಪ್ಪ ಬಗ್ಗಿ ಒಂದೊಂದೇ ಕವಡೆಯನ್ನು ನೋಡಿದ. ಒಂದರ ಬಾಯಿಯೂ ಮೇಲಾಗಿರಲಿಲ್ಲ. ಆರಕ್ಕೆ ಆರೂ ಬೋರಲು.

“ಅಂದ್ರ?” ಎಂದ ವಾದಿರಾಜ. ಕವಡೆ ಎಸೆದವನು ಅವನೇ. ಎಸೆದ ಕೈ ಇನ್ನೂ ಹಾಗೇ ತೆರೆದಿತ್ತು.

ಹಾಲವ್ವ ಕವಡೆಗಳ ಮೇಲಿಂದ ಕಣ್ಣೆತ್ತಿದಳು. “ಅಂದ್ರ, ದೊಡ್ಡ ಬಾಗಲಾ ಮುರೀತು. ಉರಿಗಣ್ಣ ರಾಜಾ ಒಳಗ ಬಂದ. ಸೋನೆಗಿರಿ ಕೋಟಿ ಹೋತು.”

ಮಾಸೂರಿನ ಸಾಲಿಯ ಕಟ್ಟೆಯ ಮೇಲೆ ಈ ಆಟ ಶುರುವಾಗಿ ತಿಂಗಳಾಗಿತ್ತು. ಅದು ಎಂಬತ್ತೊಂದನೆಯ ಇಸವಿಯ ಬೇಸಿಗೆ ಸೂಟಿ. ಆಟ ಕಟ್ಟಿದವಳು ಹಾಲವ್ವ. ಐದನೇ ಇಯತ್ತೆ ಪಾಸಾಗಿ ಆರಕ್ಕೆ ಹೋಗುವ ಹುಡುಗಿ. ಗೊಬ್ಬರದ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅವಳು ಒಂದು ರಾಜ್ಯದ ನಕಾಶೆ ಬರೆದಿದ್ದಳು. ಗುಡ್ಡದ ಮೇಲೆ ಕೋಟೆ. ಕೆಳಗೆ ಕೆರೆ. ಕೆರೆಯ ಆಚೆ ಬತ್ತದ ಗದ್ದೆ, ಸುತ್ತ ಗುಡ್ಡಗಳ ಸಾಲು. ಅದು ಸೋನೆಗಿರಿ. ಅದರ ಉತ್ತರಕ್ಕೆ ಬರೀ ಕಲ್ಲಿನ ದೇಶ. ಅಲ್ಲಿ ಉರಿಗಣ್ಣ ರಾಜ ಮತ್ತು ಅವನ ರೆಕ್ಕೆಯ ತೋಳಗಳು.

ಪೋಸ್ಟ್ ಮಾಸ್ತರರ ಮಗ ವಾದಿರಾಜ ಸೋನೆಗಿರಿಯ ಸೇನಾಪತಿ. ಸೈಕಲ್ ಅಂಗಡಿಯ ಖಾದರಸಾಬರ ಮಗಳು ಮುಮ್ತಾಜ ಗೂಢಚಾರಿಣಿ. ಉಳವಪ್ಪ ಕೋಟೆಯ ಬಾಗಿಲು ಕಾಯುವವ. ಮಂತ್ರಿಯಾಗು ಅಂದರೂ ಅವನು ಒಪ್ಪಿರಲಿಲ್ಲ. ಉಳಿದವರೆಲ್ಲ ಹಾಲವ್ವನೇ. ಶತ್ರುವೂ ಅವಳೇ, ರಾಣಿಯೂ ಅವಳೇ, ಮಳೆ ಗಾಳಿಯೂ ಅವಳೇ. “ಹಿಂಗಾತು, ಈಗ ಏನ ಮಾಡ್ತೀರಿ?” ಎಂದು ಅವಳು ಕೇಳುವಳು. ಅವರು ಹೇಳುವರು. ಆದೀತೋ ಇಲ್ಲವೋ ಎಂಬ ಅನುಮಾನ ಬಂದರೆ ಮಾತ್ರ ಕವಡೆ.

ಕವಡೆಗೆ ಒಂದು ಕಾಯಿದೆ ಇತ್ತು. ಬಿದ್ದದ್ದು ಬಿದ್ದಂಗ. ಒಮ್ಮೆ ಜಗಳವಾದಾಗ ನಾಲ್ವರೂ ಸೇರಿ ಮಾಡಿದ ಕಾಯಿದೆ ಅದು.

“ಇನ್ನೊಮ್ಮೆ ಹಾಕ್ತೇನಿ,” ಎಂದ ವಾದಿರಾಜ. “ಆ ಕಡೀದು ಗ್ವಾಡಿಗೆ ತಾಗಿ ಹೊಳ್ಳಿತು. ನಾ ನೋಡೇನಿ.”

ಹಾಲವ್ವನ ಕೈ ತಾನಾಗಿಯೇ ಕವಡೆಯ ಕಡೆ ಹೋಯಿತು. ಎತ್ತಿ ಅವನ ಕೈಗೆ ಕೊಟ್ಟುಬಿಡಬೇಕು ಅನ್ನಿಸಿತು. ಸೋನೆಗಿರಿ ಸೋಲುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ. ಗೆದ್ದ ಮೇಲೆ ಊರಲ್ಲಿ ಏನೇನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿಟ್ಟಿದ್ದಳು. ಆನೆಯ ಮೇಲೆ ಸೇನಾಪತಿಯ ಮೆರವಣಿಗೆ, ಊರಿಗೆಲ್ಲ ಹೋಳಿಗೆ ಊಟ. ಸೋತರೆ ಏನು ಎಂಬುದಕ್ಕೆ ಒಂದು ಸಾಲೂ ಬರೆದಿರಲಿಲ್ಲ.

“ಗ್ವಾಡಿಗೆ ತಾಗಿಲ್ಲ,” ಎಂದಳು ಮುಮ್ತಾಜ, ಮೆಲ್ಲಗೆ. “ಹೋದ ವಾರ ನನ್ನ ಕುದುರಿ ಹೊಳಿಯಾಗ ಮುಳುಗಿ ಸತ್ತಾಗ ನಾನೂ ಇನ್ನೊಮ್ಮೆ ಹಾಕ್ತೇನಿ ಅಂದಿದ್ದೆ. ನೀನ ಅಂದಿ, ಬಿದ್ದದ್ದು ಬಿದ್ದಂಗ ಅಂತ.”

“ಅದು ಒಂದ ಕುದುರಿ. ಇದು ಇಡೀ ರಾಜ್ಯ.”

“ನನಗ ಅದ ಒಂದ ಕುದುರಿ ಇತ್ತು.”

ಹಾಲವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. “ಇಲ್ಲೋ ವಾದಿ. ಬಿದ್ದದ್ದು ಬಿದ್ದಂಗ.”

ವಾದಿರಾಜ ಎದ್ದು ನಿಂತ. ಅವನ ಕಿವಿ ಕೆಂಪಾಗಿದ್ದವು. ಖಡ್ಗ ಅಂತ ಇಟ್ಟುಕೊಂಡಿದ್ದ ಮರದ ಫೂಟುಪಟ್ಟಿಯನ್ನು ಚಡ್ಡಿಗೆ ಸಿಗಿಸಿಕೊಂಡ. “ಹಂಗಾದ್ರ ಆಟ ಮುಗೀತು. ರಾಜ್ಯಾನ ಇಲ್ಲಂದ ಮ್ಯಾಲೆ ಸೇನಾಪತಿಗೆ ಏನ ಕೆಲಸ ಅದ? ನಾ ಇನ್ನ ಬರೂದಿಲ್ಲ.”

ಅವನು ಹೋದ. ಬಿಸಿಲಲ್ಲಿ ಬರಿಗಾಲಲ್ಲೇ ಹೋದ. ಚಪ್ಪಲಿ ಕಟ್ಟೆಯ ಕೆಳಗೇ ಉಳಿದವು.

ತಿಂಗಳ ಆಟ. ಇನ್ನು ಯಾರೂ ಬರುವುದಿಲ್ಲ ಎಂದು ಹಾಲವ್ವನಿಗೆ ಅನ್ನಿಸಿತು. ನಕಾಶೆಯನ್ನು ಸುತ್ತತೊಡಗಿದಳು.

ಉಳವಪ್ಪ ಎದ್ದಿರಲಿಲ್ಲ. ಅವನು ಯಾವಾಗಲೂ ನಿಧಾನ. ಮಾತು ಬರುವ ಮೊದಲು ಅವನು ತಲೆ ಕೆರೆದುಕೊಳ್ಳುತ್ತಿದ್ದ. ಈಗಲೂ ಕೆರೆದುಕೊಂಡ.

“ಹಾಲವ್ವ, ಬಾಗಲಾ ಮುರೀತು, ಖರೆ. ನಾ ಸತ್ತೇನೇನು?”

ಹಾಲವ್ವ ಯೋಚಿಸಿದಳು. “ಇಲ್ಲ. ನೀ ಸತ್ತಿ ಅಂತ ಕವಡಿ ಹೇಳಿಲ್ಲ.”

“ಮತ್ತ ನಾ ಈಗ ಏನ ಮಾಡಾಕತ್ತೇನಿ?”

ಹಾಲವ್ವ ಅವನ ಮುಖ ನೋಡಿದಳು. ಅವನು ತಮಾಷೆಗೆ ಕೇಳಿರಲಿಲ್ಲ. ಆಟದಲ್ಲಿ ಮುರಿದ ಬಾಗಿಲ ಹತ್ತಿರ ನಿಂತವನು ಹಾಗೇ ನಿಂತೇ ಇದ್ದ. ಮುಂದಿನದನ್ನು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ.

ಅವಳು ನಕಾಶೆಯನ್ನು ಮತ್ತೆ ಹಾಸಿದಳು.

“ನೀ ಬಾಗಲ ಕಡೆ ನಿಂತೀದಿ,” ಎಂದಳು. “ಉರಿಗಣ್ಣನ ದಂಡು ನಿನ್ನ ದಾಟಿ ಒಳಗ ಹೋಗಾಕತ್ತೈತಿ. ಮಂದಿ ಎಲ್ಲಾ ಮನಿ ಬಾಗಲಾ ಹಾಕ್ಕೊಂಡ ಕುಂತಾರ.”

“ದಂಡು ಎಷ್ಟ ಐತಿ?”

“ಹತ್ತು ಸಾವಿರ.”

“ಉಣ್ಣಾಕ ಏನೈತಿ ಅವರಿಗೆ?”

“ನಿಮ್ಮ ಕಣಜದಾಗಿನ ಬತ್ತ.”

ಮುಮ್ತಾಜ ನೋಟ್‌ಬುಕ್ ಎಳೆದುಕೊಂಡು ಪುಟ ತಿರುವಿದಳು. “ಕಣಜದಾಗ ಮೂರ ತಿಂಗಳದ್ದ ಐತಿ. ನಾವ ಬರಸಿದ್ವಿ.”

“ಆಮ್ಯಾಲೆ?” ಎಂದ ಉಳವಪ್ಪ.

“ಆಮ್ಯಾಲೆ ಮತ್ತ ಬೆಳಿತಾರ.”

“ಯಾರು ಬೆಳಿತಾರ? ತ್ವಾಳ ಬಂದು ನಾಟಿ ಹಚ್ಚತಾವೇನು?”

ಮುಮ್ತಾಜ ನಕ್ಕಳು. ಉಳವಪ್ಪ ನಗಲಿಲ್ಲ. ಅವನ ಅಪ್ಪ ಮದಗದ ಕೆರೆಯ ತೂಬು ತೆರೆದು ಗದ್ದೆಗೆ ನೀರು ಬಿಡುವವರಲ್ಲಿ ಒಬ್ಬ. ಅಪ್ಪನ ಹಿಂದೆ ಏರಿಯ ಮೇಲೆ ನಡೆದು ನಡೆದೇ ಉಳವಪ್ಪ ದೊಡ್ಡವನಾಗಿದ್ದ.

“ತೂಬು ಅಂದ್ರ ಸುಮ್ಮನ ಅಲ್ಲ,” ಎಂದ. “ಮೊದಲ ಯಾವ ಗದ್ದಿಗೆ, ಎಷ್ಟ ಹೊತ್ತು, ಎಲ್ಲಾ ಗೊತ್ತಿರಬೇಕು. ಗೊತ್ತಿಲ್ದವ ತೆರದ್ರ ಮ್ಯಾಲಿನ ಗದ್ದಿ ಕೊಚ್ಚಿ ಹೋಗತಾವು, ಕೆಳಗಿನವು ಒಣಗತಾವು. ಉರಿಗಣ್ಣನ ದೇಶದಾಗ ಕೆರೀನ ಇಲ್ಲ.”

ಹಾಲವ್ವ ನಕಾಶೆಯಲ್ಲಿ ತಾನೇ ನೀಲಿ ಬಳಪದಿಂದ ಬರೆದ ಕೆರೆಯನ್ನು ನೋಡಿದಳು. ಒಂದು ತಿಂಗಳಲ್ಲಿ ಆ ಕೆರೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಎಲ್ಲರ ಕಣ್ಣೂ ಕೋಟೆಯ ಮೇಲೆಯೇ ಇತ್ತು.

“ಹೋಗಿ ರಾಜಾಗ ಇದನ್ನ ಹೇಳೋಣು,” ಎಂದಳು ಮುಮ್ತಾಜ.

“ಬಾಗಲಾ ಕಾಯವನ ಮಾತು, ಗೂಢಚಾರಿ ಮಾತು ರಾಜಾ ಯಾಕ ಕೇಳ್ತಾನ?” ಎಂದಳು ಹಾಲವ್ವ. “ಸೇನಾಪತಿ ಬರಬೇಕು.”

ಮರುದಿನ ಬೆಳಿಗ್ಗೆ ಹಾಲವ್ವ ವಾದಿರಾಜನ ಚಪ್ಪಲಿ ಹಿಡಿದುಕೊಂಡು ಪೋಸ್ಟಾಫೀಸಿನ ಹಿಂದಿನ ಮನೆಗೆ ಹೋದಳು. ಅವನ ತಾಯಿ ಇಂದಿರಾಬಾಯಿ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು.

“ವಾದಿ ಅದಾನೇನ್ರಿ, ಅವ್ವಾರ?”

“ಒಳಗ ಮಲಗ್ಯಾನ ನೋಡವಾ. ನಿನ್ನೆಯಿಂದ ಮಾರಿ ಉಬ್ಬಿಸಿಕೊಂಡು ಕೂತಿದ್ದ. ಏನಾತು ಅಂದ್ರ, ರಾಜ್ಯ ಹೋತು ಅಂತಾನ.” ಇಂದಿರಾಬಾಯಿ ನಗು ತಡೆದುಕೊಂಡರು. “ಹೋಗು, ಮಾತಾಡ್ಸು.”

ವಾದಿರಾಜ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹಾಲವ್ವ ಬಾಗಿಲಲ್ಲೇ ನಿಂತಳು. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ.

“ಉರಿಗಣ್ಣ ರಾಜಾ ಸೇನಾಪತೀನ ಕರಕೊಂಡ ಬಾ ಅಂತ ಹೇಳಿ ಕಳಿಸ್ಯಾನ,” ಎಂದಳು.

ವಾದಿರಾಜ ಗೋಡೆಗೇ ಮಾತಾಡಿದ. “ಯಾಕ? ತಲಿ ಕಡಿಯಾಕೇನು?”

“ಗೊತ್ತಿಲ್ಲ.”

“ನೀನ ರಾಜಾ. ನಿನಗ ಗೊತ್ತಿಲ್ಲಂದ್ರ?”

“ಖರೇನ ಗೊತ್ತಿಲ್ಲೋ. ನೀ ಬಂದು ಏನ ಮಾತಾಡ್ತಿ ಅನ್ನೂದರ ಮ್ಯಾಲೆ ಐತಿ. ಉಳವಪ್ಪ ಒಂದ ಮಾತ ಹುಡುಕ್ಯಾನ. ಆದ್ರ ಹೇಳಾಕ ನೀ ಬೇಕು.”

ವಾದಿರಾಜ ಈ ಕಡೆ ಹೊರಳಿದ. “ಸೋತಾವ ಗೆದ್ದಾವನ ಮುಂದ ಏನ ಮಾತಾಡೂದು?”

ಹಾಲವ್ವ ಚಪ್ಪಲಿಯನ್ನು ಹೊಸ್ತಿಲ ಬಳಿ ಇಟ್ಟಳು. “ಅದನ್ನ ನೋಡಬೇಕಂತ ನಾನೂ ಕಾಯಾಕತ್ತೇನಿ,” ಎಂದು ಹೇಳಿ ಹೊರಟಳು. ಹಿಂದೆ ತಿರುಗಿ ನೋಡಲಿಲ್ಲ. ಪೋಸ್ಟಾಫೀಸು ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸಪ್ಪಳ ಕೇಳಿತು.

ಸಾಲಿಯ ಕಟ್ಟೆಯಲ್ಲಿ ಉಳವಪ್ಪ ತೂಬಿನ ಮಾತನ್ನೆಲ್ಲ ವಾದಿರಾಜನಿಗೆ ಹೇಳಿದ. ಮೂವರೂ ತಲೆಗೆ ತಲೆ ಹಚ್ಚಿ ಬಹಳ ಹೊತ್ತು ಪಿಸುಗುಟ್ಟಿದರು. ಹಾಲವ್ವನನ್ನು ದೂರ ಕೂಡ್ರಿಸಿದ್ದರು. ಅವಳು ಈಗ ಶತ್ರು.

ಆಮೇಲೆ ಹಾಲವ್ವ ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕೂತಳು. ರಾಜರ ಶಲ್ಯದಂತೆ ಹೆಗಲ ಮೇಲೆ ಟವೆಲ್ ಹಾಕಿಕೊಂಡಳು. ದನಿ ದಪ್ಪ ಮಾಡಿದಳು.

“ಯಾರಂವ, ಸೋತ ಸೇನಾಪತಿ?”

ವಾದಿರಾಜ ಮುಂದೆ ಬಂದ. ಚಡ್ಡಿಯಿಂದ ಫೂಟುಪಟ್ಟಿ ತೆಗೆದ. ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದು ನಿಂತ. ತಿಂಗಳಿಂದ ಅವನು ಅದನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಆಮೇಲೆ ಬಗ್ಗಿ ಅದನ್ನು ಮೆಟ್ಟಿಲ ಮೇಲೆ ಇಟ್ಟ.

“ನಾನ್ರಿ,” ಎಂದ. “ಯುದ್ಧ ಸೋತೇನಿ. ಕೋಟಿ ನಿಮ್ಮದು. ಮೂರ ಮಾತ ಕೇಳ್ಬೇಕಂತ ಬಂದೇನಿ.”

“ಸೋತಾವ ಕೇಳೂದಿಲ್ಲ. ನಾ ಹೇಳಿದ್ದ ಕೇಳ್ತಾನ. ನಿಮ್ಮ ಮಂದೀನೆಲ್ಲಾ ಬೇಡಿ ಹಾಕಿ ನನ್ನ ದೇಶಕ್ಕ ಒಯ್ಯಾಂವ ಇದ್ದೇನಿ.”

“ಒಯ್ರಿ. ಮೂರ ತಿಂಗಳಾದ ಮ್ಯಾಲೆ ನಿಮ್ಮ ದಂಡು ಏನ ಉಣ್ತದ?”

“ನನ್ನ ಮಂದಿ ಬೆಳೀತಾರ.”

“ನಿಮ್ಮ ಮಂದಿ ತೂಬು ಎಂದಾದ್ರೂ ನೋಡ್ಯಾರೇನ್ರಿ?” ಎಂದ ಉಳವಪ್ಪ ಹಿಂದಿನಿಂದ.

ಹಾಲವ್ವ ಸುಮ್ಮನೆ ಬಿಟ್ಟುಕೊಡುವವಳಲ್ಲ. ಉರಿಗಣ್ಣ ಎಂಥವನು ಎಂದು ಅವಳಿಗೆ ಗೊತ್ತಿತ್ತು. “ತೂಬಿನವನನ್ನ ಕಟ್ಟಿ ಹೊಡಿಸ್ತೇನಿ. ಬಾಯಿ ಬಿಡ್ತಾನ.”

“ಹೊಡತ ತಿಂದಾವ ಸುಳ್ಳ ಹೇಳಿದ್ರ?” ಎಂದಳು ಮುಮ್ತಾಜ. “ಸುಳ್ಳೋ ಖರೆಯೋ ನಿಮಗ ಹೆಂಗ ತಿಳೀತೈತ್ರಿ, ಮಹಾರಾಜ? ಗದ್ದಿ ಕೊಚ್ಚಿ ಹೋದ ಮ್ಯಾಲೆ ತಿಳೀತೈತಿ.”

ರಾಜ ಮುಖ ಗಂಟಿಕ್ಕಿದ. “ಹಂಗಾದ್ರ ಎಲ್ಲಾರನ್ನೂ ಕೊಂದು, ಬ್ಯಾರೆ ರಾಜ್ಯದಿಂದ ಬತ್ತ ಲೂಟಿ ಮಾಡಿ ತರ್ತೇನಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಇದನ್ನು ಅವರು ಯೋಚಿಸಿರಲಿಲ್ಲ. ವಾದಿರಾಜ ನಕಾಶೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬೆರಳಿನಿಂದ ಕೋಟೆಯ ಸುತ್ತ ಹುಡುಕಿದ. ಬೆರಳು ನಿಂತಿತು.

“ಸುತ್ತ ನಾಕೂ ಕಡೆ ಗುಡ್ಡ ಅದ,” ಎಂದ. “ಬ್ಯಾರೆ ರಾಜ್ಯಕ್ಕ ಹೋಗಾಕ ಕೆರಿ ಏರಿ ಮ್ಯಾಲಿಂದ ಒಂದ ದಾರಿ, ನೀವು ಬಂದದ್ದೂ ಅದರ ಮ್ಯಾಲಿಂದನ. ತ್ವಾಳ ಹಾರ್ಯಾವು, ಬತ್ತದ ಚೀಲ ಹಾರೂದಿಲ್ಲ. ಬಂಡಿ ಏರಿ ಮ್ಯಾಲೆ ಬರಬೇಕು. ತೂಬು ನೋಡಾವ್ರು ಇರಲಿಲ್ಲಂದ್ರ ಮೊದಲ ಮಳೀಗೇ ಏರಿ ಒಡೀತದ. ಆಗ ನೀವೂ ಕೋಟಿ ಒಳಗ, ನಿಮ್ಮ ದಂಡೂ ಕೋಟಿ ಒಳಗ, ಉಪವಾಸ.”

ಹಾಲವ್ವ ನಕಾಶೆ ನೋಡಿದಳು. ಬೇರೆ ದಾರಿ ಇರಲಿಲ್ಲ. ಅವಳೇ ಬರೆದಿರಲಿಲ್ಲ.

“ಏನ ಆ ಮೂರ ಮಾತು?” ಎಂದ ರಾಜ. ದನಿ ಅಷ್ಟು ದಪ್ಪವಿರಲಿಲ್ಲ.

“ಯಾರಿಗೂ ಬೇಡಿ ಹಾಕಬಾರದು,” ಎಂದಳು ಮುಮ್ತಾಜ.

“ಕೆರಿ, ತೂಬು, ಗದ್ದಿ ನಮ್ಮ ಕೈಯಾಗ ಇರಬೇಕು. ಬೆಳದದ್ರಾಗ ನಿಮಗೂ ಕೊಡ್ತೇವಿ,” ಎಂದ ಉಳವಪ್ಪ.

ಮೂರನೆಯದು ವಾದಿರಾಜನದು. ಅದನ್ನು ಅವನು ಉಳಿದಿಬ್ಬರಿಗೂ ಹೇಳಿರಲಿಲ್ಲ. “ಸತ್ತ ನಮ್ಮ ಸೈನಿಕರನ್ನ ನಾವ ಮಣ್ಣ ಮಾಡ್ತೇವಿ. ಒಬ್ಬೊಬ್ಬರ ಹೆಸರ ಹೇಳಿ. ಆವತ್ತ ನಿಮ್ಮ ದಂಡು ನಗಬಾರದು.”

ಹಾಲವ್ವ ಉತ್ತರ ಹುಡುಕಿದಳು. ನಿಜವಾಗಿಯೂ ಹುಡುಕಿದಳು. ಉರಿಗಣ್ಣನ ಸಿಟ್ಟು, ಜಂಬ, ಎಲ್ಲವನ್ನೂ ತಡಕಾಡಿದಳು. ಏನೂ ಸಿಗಲಿಲ್ಲ.

“ಆತು,” ಎಂದಳು. “ಮೂರೂ ಆತು.”

ವಾದಿರಾಜ ಕವಡೆಯ ಚೀಲಕ್ಕೆ ಕೈ ಹಾಕಿದ. “ಹಾಕಲೇನು?”

“ಯಾಕ?”

“ರಾಜಾ ಖರೇನ ಒಪ್ಪತಾನೋ ಇಲ್ಲೋ ನೋಡಾಕ.”

“ಬ್ಯಾಡ,” ಎಂದಳು ಹಾಲವ್ವ. “ಅಂವನ ಕಡೆ ಮಾತ ಉಳದಿಲ್ಲ. ಅನುಮಾನಾನ ಇಲ್ಲ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮಾತಿನಲ್ಲಿ ತಾವು ಗೆದ್ದೆವು, ಕೆರೆ ತಮ್ಮದೇ ಎಂದು ಮೊದಲು ಅರ್ಥವಾದದ್ದು ಉಳವಪ್ಪನಿಗೆ. ಎಂದೂ ಅವಸರ ಮಾಡದ ಹುಡುಗ ಕಟ್ಟೆಯಿಂದ ಜಿಗಿದು ಓಡಿದ. ಅವನ ಹಿಂದೆ ಮುಮ್ತಾಜ, ಅವಳ ಹಿಂದೆ ವಾದಿರಾಜ. ಊರಾಚೆಯ ಕೆರೆಯ ಏರಿ ಹತ್ತಿ, ಅದೇ ಸೋನೆಗಿರಿಯ ಏರಿ ಎಂಬಂತೆ ಮೂವರೂ ಸೇರಿ ಕಾಣದ ತೂಬಿನ ಬಾಗಿಲನ್ನು ಎತ್ತಿದರು. ಎತ್ತುವುದು ಕಷ್ಟ ಎಂದು ಉಳವಪ್ಪ ಹೇಳಿದ್ದಕ್ಕೆ, ಹಲ್ಲು ಕಚ್ಚಿ ಎತ್ತಿದರು. “ಮೊದಲ ಮ್ಯಾಲಿನ ಗದ್ದಿಗೆ,” ಎಂದು ಉಳವಪ್ಪ ಕೂಗಿ ಹೇಳುತ್ತಿದ್ದ. ಸೇನಾಪತಿ ಅವನು ಹೇಳಿದಂತೆ ಕೇಳುತ್ತಿದ್ದ. ಕೆಲಸಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ನಿಂತು ನೋಡಿ ನಕ್ಕು ಹೋದರು.

ಹಾಲವ್ವ ಟವೆಲ್ ಎಸೆದು ತಾನೂ ಓಡಿದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅವಳ ಕಾಲ ತುಂಬ ಏರಿಯ ಮಣ್ಣು. ಅವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು.

“ಏನಾತ ನಿಮ್ಮ ಆಟ? ಯಾರ ಗೆದ್ರು?”

“ಅವರು.”

“ನೀ?”

“ನಾ ಸೋತೆ, ಅವ್ವ. ಮಾತ ಬರದಂಗ ಮಾಡಿದ್ರು ನನ್ನ. ಆ ಉಳವಪ್ಪ ಏನ ಮಾತಾಡಿದಾ ಅಂತಿ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು. “ಸೋತಾಕಿ ಮಾರಿ ಹಿಂಗ ಇರತೈತೇನು?”

ಹಾಲವ್ವ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಏರಿಯ ಮೇಲೆ ಹೋದಾಗಿನಿಂದ ನಗುತ್ತಲೇ ಇದ್ದುದಕ್ಕೆ ಅದು ನೋಯುತ್ತಿತ್ತು. ಸೋತರೂ ಇಷ್ಟು ಖುಷಿ ಯಾಕೆ ಎಂದು ಅವ್ವನಿಗೆ ಹೇಳಬೇಕು ಅಂದುಕೊಂಡಳು. ಆದರೆ ಅದನ್ನು ಹೇಳಲು ಸರಿಯಾದ ಮಾತು ಇನ್ನೂ ಸಿಕ್ಕಿರಲಿಲ್ಲ. ಇನ್ನಷ್ಟು ಹೊತ್ತು ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳೋಣ ಅನ್ನಿಸಿತು.

“ಇನ್ನೊಂದ ರೊಟ್ಟಿ ಹಾಕ, ಅವ್ವ,” ಎಂದಳು.